ಹೆತ್ತವರ ಆಘಾತ, ಮಕ್ಕಳ ಮನಸ್ಸು: ನಾಲ್ಕು ತಾಲ್ಲೂಕುಗಳ ಚರಿತ್ರೆ ಹೇಳುವುದೇನು?

ನಮ್ಮ ಅಜ್ಜಿ ನಾಗಮಂಗಲದ ಕಡೆಯವರು. ರಾಗಿ ಗುಡಾಣದ ತಳ ಕಾಣಲು ಅವರು ಎಂದೂ ಬಿಟ್ಟವರಲ್ಲ. ಹೊಸ ರಾಗಿ ಕಣದಿಂದ ಮನೆಗೆ ಬರುವವರೆಗೂ ಹಳೆಯದರಲ್ಲಿ ನಾಲ್ಕಾರು ಸೇರು ಉಳಿದಿರಲೇಬೇಕು. ತಟ್ಟೆಯಲ್ಲಿ ಮುದ್ದೆಯ ಚೂರು ಬಿಟ್ಟು ಎದ್ದರೆ ಅವರ ಮುಖದಲ್ಲಿ ಕಾಣುತ್ತಿದ್ದುದು ಕೋಪಕ್ಕಿಂತ ಹೆಚ್ಚಾಗಿ ಭಯ. ಕಾರಣ ಕೇಳಿದರೆ, ‘ನಮ್ಮಜ್ಜಿ ಹಂಗೇ ಮಾಡ್ತಿದ್ಲು ಕಣಪ್ಪ’ ಎಂದಷ್ಟೇ ಉತ್ತರ. ಅಜ್ಜಿ ಹುಟ್ಟಿದ್ದು ಸುಮಾರು 1910ರಲ್ಲಿ. ಅವರ ಅಜ್ಜಿ 1876ರಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಿರಬೇಕು. ಈ ಲೆಕ್ಕ ಹಾಕಿದ ದಿನ ನನಗೆ ಗುಡಾಣದ ಅರ್ಥ ತಿಳಿಯಿತು.

ತಾನು ನೋಡದ ಬರಕ್ಕೆ ನಮ್ಮ ಅಜ್ಜಿ ಹೆದರಿದ್ದೇಕೆ? ಹೆತ್ತವರಿಗೆ ಆದ ಆಘಾತ ಮಕ್ಕಳ ಮನಸ್ಸಿಗೆ ದಾಟುತ್ತದೆಯೆ? ದಾಟುವುದಾದರೆ ಯಾವ ದಾರಿಯಿಂದ? ಇದು ಮನೋವೈದ್ಯರ ಪ್ರಶ್ನೆ. ಭೌತವಿಜ್ಞಾನದ ಮೇಷ್ಟರಾದ ನಾನು ಇದಕ್ಕೆ ಕೈಹಾಕಲು ಒಂದು ಕಾರಣವಿದೆ; ಅದನ್ನು ಮುಂದೆ ಹೇಳುತ್ತೇನೆ. ಮೊದಲು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳ ಚರಿತ್ರೆಯತ್ತ ಒಮ್ಮೆ ನೋಡೋಣ.

ಗಾಯಗಳ ನೆಲ

ಕಬ್ಬು, ಭತ್ತ, ನಾಲೆಗಳ ಹಸಿರು ನಾಡೆಂದು ನಾವು ಹೆಮ್ಮೆಪಡುವ ಈ ನೆಲ ಹದಿನೆಂಟನೆಯ ಶತಮಾನದಲ್ಲಿ ಯುದ್ಧಭೂಮಿಯಾಗಿತ್ತು. 1771ರಲ್ಲಿ ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ಹೈದರಾಲಿಯ ಸೈನ್ಯ ಮರಾಠರಿಗೆ ಸೋತಿತು, ಮೇಲುಕೋಟೆ ಲೂಟಿಯಾಯಿತು. ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವೂವಿನ ಮರಾಠಾ ಸೈನ್ಯ ನಾಗಮಂಗಲವನ್ನು ಹಾಳುಗೆಡವಿತು.

1792ರ ಫೆಬ್ರವರಿ 26ರಂದು ಶ್ರೀರಂಗಪಟ್ಟಣದಲ್ಲಿ ನಡೆದ ಘಟನೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಸಂಧಿಯ ಷರತ್ತಿನಂತೆ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಿದ. ಹಿರಿಯವನಾದ ಅಬ್ದುಲ್ ಖಾಲಿಕನಿಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನನಿಗೆ ಸುಮಾರು ಎಂಟು. ಅವರು ಮದರಾಸಿನಲ್ಲಿದ್ದು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಐದು ವರ್ಷದ ಬಳಿಕ, 1799ರಲ್ಲಿ, ತಂದೆ ಸತ್ತು ಕೋಟೆ ಬಿತ್ತು. ಕುಟುಂಬವನ್ನು ವೆಲ್ಲೂರಿಗೂ, 1806ರ ವೆಲ್ಲೂರು ದಂಗೆಯ ನಂತರ ಕಲ್ಕತ್ತೆಗೂ ಸಾಗಿಸಲಾಯಿತು. ಒತ್ತೆಯ ದೃಶ್ಯವನ್ನು ರಾಬರ್ಟ್ ಹೋಮ್ ಮುಂತಾದ ಕಲಾವಿದರು ದೊಡ್ಡ ಚಿತ್ರಗಳಾಗಿ ಬರೆದರು. ಆ ಚಿತ್ರಗಳ ನಡುವೆ ಕಾರ್ನ್‌ವಾಲಿಸನ ಔದಾರ್ಯವಿದೆ. ಮಕ್ಕಳ ಮನಸ್ಸಿನಲ್ಲಿ ಏನಿತ್ತೆಂಬುದು ಯಾರ ಕುತೂಹಲವೂ ಆಗಿರಲಿಲ್ಲ. ಮಗುವಿಗೂ ಮನೋಘಾತವಾಗುತ್ತದೆ, ಅದು ಬಹುಕಾಲ ಉಳಿಯಬಲ್ಲದು ಎಂಬ ಅರಿವು ಮುಂದಿನ ಕಾಲದ್ದು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯಂದು ಹಬ್ಬ ಮಾಡುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಪೂರ್ವಿಕರಲ್ಲಿ ನೂರಾರು ಮಂದಿಯನ್ನು ಕೊಲ್ಲಲಾಯಿತೆಂಬುದು ಆ ಮನೆತನಗಳು ಹೇಳಿಕೊಂಡು ಬಂದ ಮಾತು. ಘಟನೆಯ ವರ್ಷ, ಸತ್ತವರ ಸಂಖ್ಯೆ, ಕಾರಣಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆ ವಾದ ಇಲ್ಲಿಯ ವಿಷಯವೂ ಅಲ್ಲ. ಸುಮಾರು ಎರಡು ಶತಮಾನಗಳಿಗೂ ಮಿಕ್ಕಿ, ಎಂಟೊಂಬತ್ತು ತಲೆಮಾರು ದಾಟಿ, ಹಚ್ಚದ ದೀಪದ ರೂಪದಲ್ಲಿ ಒಂದು ದುಃಖ ಉಳಿದಿದೆ ಎಂಬುದನ್ನು ಮಾತ್ರ ಗಮನಿಸಿ. ಇದನ್ನು ರೋಗವೆನ್ನಲಾಗದು. ನೋವಿಗೆ ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಉಳಿದ ದಿನಗಳನ್ನು ಬದುಕಿಗೆ ಬಿಟ್ಟುಕೊಡುವ ಸಾಮೂಹಿಕ ಉಪಾಯವಿದು. ನೆನಪು ಬೇರೆ, ಮನೋರೋಗ ಬೇರೆ. ಈ ವ್ಯತ್ಯಾಸ ಲೇಖನದ ಕೊನೆಯವರೆಗೂ ನಿಮ್ಮ ಗಮನದಲ್ಲಿರಲಿ.

ಇನ್ನು ಬರ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನ ಕಂಡ ಕ್ಷಾಮಕ್ಕೆ ಸಾಟಿಯಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಬೆಳೆಯಬೇಕಾಗಿದ್ದ ಜನಸಂಖ್ಯೆ 8,69,224ರಷ್ಟು, ಎಂದರೆ ಶೇಕಡ 17ರಷ್ಟು, ಕುಸಿದಿತ್ತು. ಈ ಅಂತರದಲ್ಲಿ ಸತ್ತವರಿದ್ದಾರೆ, ಊರು ಬಿಟ್ಟವರಿದ್ದಾರೆ, ಹುಟ್ಟಬೇಕಾಗಿದ್ದು ಹುಟ್ಟದೇ ಹೋದವರಿದ್ದಾರೆ. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ ಅನಾಥಾಲಯಗಳು ತೆರೆದವು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸವನ್ನು ಬರಗಾಲದ ಕಾಮಗಾರಿಯಾಗಿ ಕೈಗೊಳ್ಳಲಾಯಿತು. ಇಂದು ಪಾಂಡವಪುರ, ಶ್ರೀರಂಗಪಟ್ಟಣ ನಿಲ್ದಾಣಗಳಲ್ಲಿ ರೈಲು ಹತ್ತುವ ವಿದ್ಯಾರ್ಥಿಗಳೆ, ನಿಮ್ಮ ಕಾಲಡಿಯ ಏರಿ ಹಸಿದ ಜನ ಹೊತ್ತು ಹಾಕಿದ ಮಣ್ಣಿನಿಂದ ಮೊದಲಾದದ್ದು.

1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ನೀರು ಬಂದ ಕಡೆ ಹಸಿವು ಹಿಂದೆ ಸರಿಯಿತು, ನಿಜ. ಆದರೆ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿ ಮತ್ತು ಸುತ್ತಲಿನ ಅನೇಕ ಹಳ್ಳಿಗಳು ಮುಳುಗಿದವು. ಹಿನ್ನೀರು ಇಳಿದ ಬೇಸಿಗೆಗಳಲ್ಲಿ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಮೇಲೆದ್ದು ಕಾಣುತ್ತಿತ್ತು. ಅದನ್ನು ಇತ್ತೀಚೆಗೆ ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ. ಮುಳುಗಿದ ಊರನ್ನು ಕಾಣದ ಮೊಮ್ಮಕ್ಕಳೂ ‘ನಮ್ಮೂರು ನೀರೊಳಗಿದೆ’ ಎನ್ನುವುದನ್ನು ಕೃಷ್ಣರಾಜಪೇಟೆಯ ಕಡೆ ನಾನು ಕೇಳಿದ್ದೇನೆ.

ಎರಡು ಲೋಲಕಗಳು

ಇಷ್ಟು ಚರಿತ್ರೆ. ಈಗ ಒಂದು ಸರಳ ಪ್ರಯೋಗ. ಎರಡು ಗೂಟಗಳ ನಡುವೆ ಅಡ್ಡಲಾಗಿ ಒಂದು ದಾರ ಕಟ್ಟಿ. ಅದಕ್ಕೆ ಸಮಾನ ಉದ್ದದ ಎರಡು ಲೋಲಕಗಳನ್ನು ತೂಗುಹಾಕಿ. ಒಂದನ್ನು ಮಾತ್ರ ತೂಗಿಬಿಡಿ. ಕೊಂಚ ಹೊತ್ತಿನಲ್ಲಿ, ಯಾರೂ ಮುಟ್ಟದ ಎರಡನೆಯ ಲೋಲಕ ಆಡತೊಡಗುತ್ತದೆ. ಚಲನೆ ಸಾಗಿದ್ದು ಇಬ್ಬರಿಗೂ ಆಧಾರವಾದ ದಾರದ ಮೂಲಕ. ಎರಡನೆಯ ಲೋಲಕದ ಉದ್ದವನ್ನು ಬದಲಿಸಿ ನೋಡಿ. ಅದು ಅಷ್ಟಾಗಿ ಆಡುವುದಿಲ್ಲ. ಮೊದಲನೆಯದನ್ನು ಬೆರಳಿನಿಂದ ಮೆಲ್ಲಗೆ ತಡೆದರೆ ಎರಡನೆಯದಕ್ಕೆ ಹೊಸ ಚಾಲನೆ ದೊರೆಯುವುದಿಲ್ಲ.

ಹೋಲಿಕೆ ಪುರಾವೆಯಾಗದು, ಮನಸ್ಸು ಲೋಲಕವೂ ಅಲ್ಲ. ಆದರೂ ಈ ಪ್ರಯೋಗ ನಮ್ಮ ಮುಂದೆ ಮೂರು ಸರಿಯಾದ ಪ್ರಶ್ನೆಗಳನ್ನಿಡುತ್ತದೆ: ಹೆತ್ತವರನ್ನೂ ಮಕ್ಕಳನ್ನೂ ಜೋಡಿಸುವ ದಾರ ಯಾವುದು? ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಸ್ಪಂದಿಸುವುದೇಕೆ? ಮೊದಲನೆಯದನ್ನು ಶಾಂತಗೊಳಿಸಿದರೆ ಎರಡನೆಯದೂ ಶಾಂತವಾಗುತ್ತದೆಯೆ?

ವಿಜ್ಞಾನ ಕಂಡುಕೊಂಡ ದಾರಿಗಳು

ಈ ವಿಷಯದ ಅಧ್ಯಯನಕ್ಕೆ ಚಾಲನೆ ದೊರೆತದ್ದು ಎರಡನೆಯ ಮಹಾಯುದ್ಧದ ನಂತರ. 1966ರಲ್ಲಿ ಕೆನಡಾದ ಮನೋವೈದ್ಯ ವಿವಿಯನ್ ರೇಕಾಫ್, ನಾಟ್ಸಿಗಳ ಯಾತನಾಶಿಬಿರಗಳಿಂದ ಬದುಕಿ ಬಂದವರ ಮಕ್ಕಳಲ್ಲಿ ತೀವ್ರವಾದ ಮಾನಸಿಕ ತೊಂದರೆಗಳನ್ನು ಕಂಡು ಬರೆದರು. ಶಿಬಿರವನ್ನು ನೋಡಿರದ ಮಕ್ಕಳು ಅವರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು.

ಆದರೆ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಇಡೀ ಊರೇ ರೋಗಿಯೆಂದು ತೋರುವುದು ಸಹಜ. 2003ರಲ್ಲಿ ಹಾಲೆಂಡಿನ ವಾನ್ ಐಜೆನ್‌ಡೋರ್ನ್ ಮತ್ತು ಸಂಗಡಿಗರು 32 ಮಾದರಿಗಳ 4,418 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಚಿಕಿತ್ಸೆಗೆ ಬಾರದ ಸಾಮಾನ್ಯ ಕುಟುಂಬಗಳಲ್ಲಿ, ಬದುಕುಳಿದವರ ಮಕ್ಕಳು ಇತರರಿಗಿಂತ ಹೆಚ್ಚು ರೋಗಗ್ರಸ್ತರಾಗಿರಲಿಲ್ಲ. ಬೇರೆ ಕಾರಣಗಳಿಂದ ಮಕ್ಕಳು ಒತ್ತಡಕ್ಕೆ ಸಿಕ್ಕಾಗ ಮಾತ್ರ ಹಳೆಯ ಆಘಾತದ ನೆರಳು ಕಾಣಿಸಿಕೊಳ್ಳುತ್ತಿತ್ತು. ಅಂದರೆ ಹೆತ್ತವರ ಆಘಾತ ಮಕ್ಕಳ ಹಣೆಬರಹವಲ್ಲ.

ಹಾಗಾದರೆ ದಾಟುವ ದಾರಿಗಳು ಯಾವುವು? ಸ್ಥೂಲವಾಗಿ ಮೂರು.

ಮೊದಲನೆಯದು ಮನೆಯ ನಡೆವಳಿಕೆ. ಮಾತು, ಮೌನ, ಸಿಡುಕು, ಅತಿಯಾದ ಕಾವಲು, ಬೆಚ್ಚಿಬೀಳುವುದು – ಇವನ್ನೆಲ್ಲ ಮಗು ಭಾಷೆಯಂತೆಯೇ ಕಲಿಯುತ್ತದೆ. ನಮ್ಮ ಅಜ್ಜಿಯ ಗುಡಾಣ ಈ ಸಾಲಿಗೆ ಸೇರಿದ್ದು. ಅಲ್ಲಿ ಬರದ ಕಥೆ ಮರೆತುಹೋಗಿತ್ತು, ಭಯ ಮಾತ್ರ ಉಳಿದಿತ್ತು.

ಎರಡನೆಯದು ಗರ್ಭ. 1944ರ ನವೆಂಬರಿನಿಂದ 1945ರ ಮೇ ತನಕ ಪಶ್ಚಿಮ ಹಾಲೆಂಡಿನ ಜನ ಜರ್ಮನ್ ದಿಗ್ಬಂಧನದಿಂದಾಗಿ ಉಪವಾಸ ಬಿದ್ದರು. ಆ ಕ್ಷಾಮ ಉತ್ಕಟವಾಗಿದ್ದಾಗ ತಾಯ ಬಸಿರಿನಲ್ಲಿ ಅಂಕುರಿಸಿದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಕಂಡುಬಂದಿತು. ಚೀನಾದ 1959–61ರ ಮಹಾಕ್ಷಾಮದಲ್ಲೂ ಇದೇ ಕಥೆ. ಆನ್‌ಹ್ವೇ ಪ್ರಾಂತದ ವೂಹೂ ಪ್ರದೇಶದಲ್ಲಿ 1959ರಲ್ಲಿ ಹುಟ್ಟಿದವರಿಗೆ ಈ ರೋಗದ ಸಂಭವ ಶೇಕಡ 0.84 ಇದ್ದರೆ, 1960ರಲ್ಲಿ ಹುಟ್ಟಿದವರಿಗೆ ಶೇಕಡ 2.15 ಇತ್ತು. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಿ. ಸಂಭವ ಎರಡೂವರೆ ಪಟ್ಟಾಯಿತು ಎಂಬುದು ನಿಜ. ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಮಂದಿಗೆ ರೋಗ ಬರಲಿಲ್ಲ ಎಂಬುದೂ ಅಷ್ಟೇ ನಿಜ.

ಮೂರನೆಯದು ಹೆಚ್ಚು ಸುದ್ದಿ ಮಾಡಿದ ದಾರಿ: ಎಪಿಜೆನೆಟಿಕ್ಸ್. ಡಿ.ಎನ್.ಎ.ಯ ಅಕ್ಷರಗಳು ಬದಲಾಗದೆ, ಅವುಗಳ ಮೇಲೆ ಮೀಥೈಲ್ ಗುಂಪುಗಳಂಥ ರಾಸಾಯನಿಕ ಗುರುತುಗಳು ಕುಳಿತು, ಯಾವ ಜೀನು ಎಷ್ಟು ಕೆಲಸ ಮಾಡಬೇಕೆಂಬುದನ್ನು ನಿಯಂತ್ರಿಸುತ್ತವೆ. 2004ರಲ್ಲಿ ಮಾಂಟ್ರಿಯಲ್‌ನ ಮೈಕೇಲ್ ಮೀನಿ, ಮೋಶೆ ಸಿಫ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ತಾಯಿ ಇಲಿ ಚೆನ್ನಾಗಿ ನೆಕ್ಕಿ ಸಾಕಿದ ಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಸುಲಭವಾಗಿ ತಾಳಿಕೊಂಡವು. ಅವುಗಳ ಮೆದುಳಿನ ಒಂದು ಜೀನಿನ ಮೀಥೈಲ್ ಗುರುತುಗಳು ಬೇರೆಯಾಗಿದ್ದವು. ಹೆಚ್ಚು ನೆಕ್ಕದ ತಾಯಿಯ ಮರಿಗಳನ್ನು ಚೆನ್ನಾಗಿ ನೆಕ್ಕುವ ತಾಯಿಯ ಬಳಿ ಬಿಟ್ಟಾಗ, ಮರಿಗಳು ಸಾಕುತಾಯಿಯಂತಾದವು. ಇಲ್ಲಿ ನಿರ್ಣಾಯಕವಾದದ್ದು ಸಾಕಿದ ರೀತಿ.

ಮನುಷ್ಯರ ವಿಷಯದಲ್ಲಿ ಎಚ್ಚರ ಬೇಕು. ನ್ಯೂಯಾರ್ಕಿನ ರೇಚಲ್ ಯಹೂದಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ, ಶಿಬಿರಗಳಿಂದ ಬದುಕುಳಿದವರಲ್ಲೂ ಅವರ ಮಕ್ಕಳಲ್ಲೂ ಒತ್ತಡಕ್ಕೆ ಸಂಬಂಧಿಸಿದ ಒಂದು ಜೀನಿನ ಗುರುತುಗಳು ಬದಲಾಗಿರುವುದನ್ನು ತೋರಿಸಿತು. ಪತ್ರಿಕೆಗಳು ‘ಆಘಾತ ರಕ್ತದಲ್ಲೇ ಹರಿಯುತ್ತದೆ’ ಎಂದು ಬರೆದವು. ಆದರೆ ಅಧ್ಯಯನದಲ್ಲಿದ್ದವರು 32 ಹಿರಿಯರು, 22 ಮಕ್ಕಳು. ಹೋಲಿಕೆಗೆ ಇದ್ದವರು ಇನ್ನೂ ಕಡಿಮೆ. ಬದಲಾವಣೆಯ ದಿಕ್ಕೂ ಹಿರಿಯರಲ್ಲಿ ಒಂದು, ಮಕ್ಕಳಲ್ಲಿ ಅದರ ವಿರುದ್ಧ. ಇಷ್ಟು ಸಣ್ಣ ಮಾದರಿಯಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಾರದೆಂಬುದನ್ನು ಪ್ರಯೋಗಶಾಲೆಯಲ್ಲಿ ದೋಷಗಣನೆ ಕಲಿತ ಯಾವ ವಿದ್ಯಾರ್ಥಿಯೂ ಹೇಳಬಲ್ಲ.

ಇದಕ್ಕಿಂತ ದೊಡ್ಡ ಸಾಕ್ಷ್ಯ ಅಮೆರಿಕದ ಅಂತರ್ಯುದ್ಧದ ದಾಖಲೆಗಳಿಂದ ಬಂದಿದೆ. 1864ರ ಸುಮಾರಿಗೆ ಸೆರೆಶಿಬಿರಗಳಲ್ಲಿ ಉಪವಾಸ, ಕಾಯಿಲೆಗಳಿಂದ ನರಳಿದ ಸೈನಿಕರ ಮಕ್ಕಳನ್ನು ಡೋರಾ ಕೋಸ್ಟಾ ಮತ್ತು ಸಂಗಡಿಗರು 2018ರಲ್ಲಿ ಪರಿಶೀಲಿಸಿದರು. 45 ವರ್ಷ ದಾಟಿದ ಗಂಡುಮಕ್ಕಳಲ್ಲಿ ಸಾವಿನ ಸಂಭವ, ಸೆರೆಯಾಗದ ಸೈನಿಕರ ಗಂಡುಮಕ್ಕಳಿಗೆ ಹೋಲಿಸಿದರೆ 1.11 ಪಟ್ಟಿತ್ತು. ಹೆಣ್ಣುಮಕ್ಕಳಲ್ಲಿ ಇಂಥ ಪರಿಣಾಮ ಕಾಣಲಿಲ್ಲ. ಪರಿಣಾಮ ಇದ್ದೀತು, ಆದರೆ ಪ್ರಮಾಣ ಹೆಚ್ಚಲ್ಲ. ಎಲ್ಲರಲ್ಲೂ ಒಂದೇ ತೆರನಲ್ಲ. ಈಗಿನ ಮಟ್ಟಿಗೆ ವಿಜ್ಞಾನ ಹೇಳುವುದು ಇಷ್ಟು.

2015 ಮತ್ತು ನನ್ನ ಪಾಠ

ಈ ವಿಷಯಕ್ಕೆ ನಾನು ಕೈಹಾಕಿದ್ದೇಕೆಂದು ಈಗ ಹೇಳುತ್ತೇನೆ. 2015ರಲ್ಲಿ ಮಳೆ ಕೈಕೊಟ್ಟಿತು. ಕಬ್ಬಿನ ಬೆಲೆ ಕುಸಿದಿತ್ತು, ಕಾರ್ಖಾನೆಗಳ ಬಾಕಿ ರೈತರ ಕೈಸೇರಿರಲಿಲ್ಲ, ಕೈಸಾಲದ ಬಡ್ಡಿ ಬೆಳೆಯುತ್ತಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ ಆ ವರ್ಷ ಕರ್ನಾಟಕದಲ್ಲಿ 1,197 ರೈತರು, 372 ಕೃಷಿಕಾರ್ಮಿಕರು, ಒಟ್ಟು 1,569 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಹೆಚ್ಚು ಸಾವು ಕಂಡ ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಸರ್ಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಸತ್ತವರ ಲೆಕ್ಕವೂ ಹಣದ ಲೆಕ್ಕವೂ ಪತ್ರಿಕೆಗಳಲ್ಲಿ ಬಂದವು. ಮನೆಯಲ್ಲಿ ಉಳಿದ ಮಕ್ಕಳನ್ನು ಎಣಿಸಿದವರು ಕಡಿಮೆ.

ಅದಾದ ಒಂದೆರಡು ವರ್ಷಕ್ಕೆ ಒಬ್ಬ ಹುಡುಗ ನನ್ನ ಪ್ರಯೋಗಶಾಲೆಗೆ ಬಂದ. ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದ್ದೇನೆ. ಯಾರದಾದರೂ ಮೊಬೈಲ್ ಗಂಟೆ ಬಾರಿಸಿದರೆ ಅವನ ಕೈ ನಡುಗುತ್ತಿತ್ತು; ವರ್ನಿಯರ್ ಓದು ತಪ್ಪುತ್ತಿತ್ತು. ಗಮನವಿಲ್ಲದವನೆಂದು ಎರಡು ಬಾರಿ ಎಲ್ಲರೆದುರು ಗದರಿದೆ. ಮೂರನೆಯ ವಾರ ಅವನು ಬರಲಿಲ್ಲ. ವಿಚಾರಿಸಿದಾಗ ತಿಳಿಯಿತು: ತಂದೆ ಇದ್ದಾಗ ಸಾಲ ಕೊಟ್ಟವರ ಫೋನು ದಿನವೂ ಬರುತ್ತಿತ್ತಂತೆ. ಗಂಟೆ ಬಾರಿಸಿದೊಡನೆ ತಂದೆಯ ಮುಖ ಬದಲಾಗುತ್ತಿದ್ದುದನ್ನು ಅವನು ತಿಂಗಳುಗಟ್ಟಲೆ ನೋಡಿದ್ದ. ತಂದೆ ಹೋದ ಮೇಲೂ ಗಂಟೆ ಅವನೊಳಗೆ ಉಳಿದಿತ್ತು. ಅದೇ ಮನೆಯ ತಮ್ಮ ಆಡಿಕೊಂಡು, ಶಾಲೆಗೆ ಹೋಗಿಕೊಂಡು ಇದ್ದ. ಒಂದೇ ದಾರ, ಬೇರೆ ಬೇರೆ ಉದ್ದದ ಲೋಲಕಗಳು.

ಅವನನ್ನು ಮತ್ತೆ ತರಗತಿಗೆ ಕರೆತರಲು ನನಗೆ ಒಂದು ತಿಂಗಳು ಬೇಕಾಯಿತು. ‘ನನಗೆ ತಿಳಿಯದೆ ಗದರಿದೆನಪ್ಪ’ ಎಂದು ಅವನ ತಾಯಿಯ ಮುಂದೆಯೇ ಹೇಳಿದೆ. ಆಕೆ, ‘ನೀವೇನ್ ಮಾಡೀರಿ ಸಾ, ನಾವೇ ಯಾರ್ಗೂ ಹೇಳ್ಲಿಲ್ಲ’ ಎಂದರು. ಈ ಮೌನವೂ ಒಂದು ದಾರವೇ.

ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, 18 ವರ್ಷದೊಳಗೆ ತಂದೆ ಅಥವಾ ತಾಯಿಯನ್ನು ಆತ್ಮಹತ್ಯೆಯಿಂದ ಕಳೆದುಕೊಂಡವರು ಮುಂದೆ ಅದೇ ದಾರಿ ಹಿಡಿಯುವ ಸಂಭವ, ಹೆತ್ತವರಿಬ್ಬರೂ ಬದುಕಿರುವವರಿಗಿಂತ ಸುಮಾರು ಮೂರು ಪಟ್ಟು. ಹೆದರಬೇಡಿ, ಮೂರು ಪಟ್ಟಾದ ಮೇಲೂ ಅದು ಸಣ್ಣ ಸಂಖ್ಯೆಯೇ, ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೆ ಅಂಥ ಮಗುವಿನ ಮೇಲೆ ಮೊದಲ ಒಂದೆರಡು ವರ್ಷ ಒಂದು ಕಣ್ಣಿರಬೇಕೆಂಬುದಕ್ಕೆ ಈ ಅಂಕಿ ಸಾಕು.

ತಡೆಯುವ ಬೆರಳು

ಮೊದಲ ಲೋಲಕವನ್ನು ಶಾಂತಗೊಳಿಸಿದರೆ ಎರಡನೆಯದೂ ಶಾಂತವಾಗುತ್ತದೆಯೆ? ಅಮೆರಿಕದ ಮೀರ್ನಾ ವೈಸ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ 151 ತಾಯಂದಿರನ್ನೂ ಅವರ ಮಕ್ಕಳನ್ನೂ ಅವರು ಗಮನಿಸಿದರು. ಮೂರು ತಿಂಗಳಲ್ಲಿ ತಾಯಿ ಗುಣವಾದ ಮನೆಗಳಲ್ಲಿ ಮಾನಸಿಕ ತೊಂದರೆಯಿದ್ದ ಮಕ್ಕಳ ಪ್ರಮಾಣ ಶೇಕಡ 11 ಅಂಶದಷ್ಟು ಇಳಿಯಿತು. ತಾಯಿ ಗುಣವಾಗದ ಮನೆಗಳಲ್ಲಿ ಅದು ಸುಮಾರು 8 ಅಂಶ ಏರಿತು. ಔಷಧ ಕೊಟ್ಟದ್ದು ತಾಯಿಗೆ, ಹಗುರವಾದದ್ದು ಮಗುವಿಗೂ. ದೊಡ್ಡವರಿಗೆ ಕೊಡುವ ಚಿಕಿತ್ಸೆ ಮಕ್ಕಳಿಗೂ ಚಿಕಿತ್ಸೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ನಮ್ಮಲ್ಲಿ ದಾರಿಗಳಿಲ್ಲವೆ? ಇವೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು ತೋರಿಸಿ, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಯ ತನಕ ತಂದಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಈ ಸಂಖ್ಯೆಯನ್ನು ನಿಮ್ಮ ಶಾಲೆಯ ಸೂಚನಾ ಫಲಕದಲ್ಲಿ ಬರೆದಿಡಿ.

ಉಪಾಧ್ಯಾಯ ಮಿತ್ರರೆ, ನೀವು ಮನೋವೈದ್ಯರಾಗಬೇಕಿಲ್ಲ. ಮಂಕಾದ ಮಗುವನ್ನು ಗದರುವ ಮುನ್ನ ಒಂದು ದಿನ ತಡೆಯಿರಿ. ಒಬ್ಬನನ್ನೇ ಕರೆದು, ‘ಮನೆಯಲ್ಲಿ ಹೇಗಿದ್ದಾರಪ್ಪ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಒತ್ತಾಯಿಸದೆ ಮುಂದಿನ ವಾರ ಮತ್ತೆ ಕೇಳಿ. ತಾಯಿಯನ್ನೋ ತಂದೆಯನ್ನೋ ಆಸ್ಪತ್ರೆಗೆ ಹೋಗುವಂತೆ ಒಪ್ಪಿಸಿ. ಮಗುವಿನ ಬೆನ್ನ ಹಿಂದೆ ‘ಇಂಥವರ ಮಗ’ ಎಂಬ ಮಾತು ಬಾರದಂತೆ ನೋಡಿಕೊಳ್ಳಿ. ‘ಆಘಾತ ಅನುವಂಶೀಯ’ ಎಂಬ ಅರೆಬೆಂದ ವಿಜ್ಞಾನವೂ ಅಂಥದೇ ಒಂದು ಹಣೆಪಟ್ಟಿ. ಅದನ್ನು ತರಗತಿಗೆ ತರಬೇಡಿ.

ವಿದ್ಯಾರ್ಥಿಗಳೆ, ನಿಮ್ಮ ಮನೆಯ ಹಿರಿಯರಲ್ಲಿ ಕಾರಣ ತಿಳಿಯದ ಒಂದು ಭಯವೋ ರೂಢಿಯೋ ಇದ್ದರೆ, ಅದು ಯಾವ ವರ್ಷದ್ದೆಂದು ಲೆಕ್ಕ ಹಾಕಿ ನೋಡಿ. ಹೆಸರಿಲ್ಲದ ಭಯಕ್ಕಿಂತ ಇಸವಿ ಗೊತ್ತಿರುವ ಭಯ ಹಗುರ. ನಮ್ಮ ಮನೆಯಲ್ಲಿ ಗುಡಾಣ ಈಗಿಲ್ಲ, ಸ್ಟೀಲ್ ಡಬ್ಬ ಇದೆ. ಅದರ ತಳದಲ್ಲಿ ಒಂದು ಪಾವು ರಾಗಿಯನ್ನು ನಾನು ಈಗಲೂ ಉಳಿಸುತ್ತೇನೆ. ಏಕೆಂದು ನನ್ನ ಮಗಳಿಗೆ ಹೇಳಿದ್ದೇನೆ.